48 ಹೆಸರಿಗೆ 48 ಮರವೇ? ಸ್ಮಾರಕ ಪ್ರಾಂಗಣದಲ್ಲಿ ಮರ ಬೆಳೆಸುವ ಲೆಕ್ಕ

ಪ್ರಶ್ನೆ: ನಮ್ಮ ಜಿಲ್ಲಾ ಕೇಂದ್ರದಲ್ಲಿ ಹುತಾತ್ಮ ಯೋಧರ ಸ್ಮಾರಕಕ್ಕೆ 60 ಮೀಟರ್ ಉದ್ದ, 40 ಮೀಟರ್ ಅಗಲದ ಜಾಗ ಸಿಕ್ಕಿದೆ. ನಡುವೆ ಸ್ತಂಭ, ಸುತ್ತಲೂ ಗ್ರಾನೈಟ್ ನೆಲಹಾಸು. 48 ಯೋಧರ ಹೆಸರಿನಲ್ಲಿ 48 ಮರಗಳು, 5 ಮೀಟರ್ ಅಂತರದ ಸಾಲುಗಳಲ್ಲಿ, ಒಂದೊಂದಕ್ಕೂ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ಎಂದು ನಕ್ಷೆಯಲ್ಲಿದೆ. ಒಂದು ಮೂಲೆಯಲ್ಲಿ ನೆಲದಡಿ ನೀರಿನ ಸಂಪು ಬರಲಿದೆ. ಈಗಿರುವ ಎರಡು ಹಳೆಯ ಹೊಂಗೆ ಮರಗಳು ಸಾಲಿಗೆ ಅಡ್ಡ ಬರುತ್ತವೆ, ತೆಗೆಯೋಣ ಎನ್ನುತ್ತಿದ್ದಾರೆ. ಉದ್ಘಾಟನೆಯ ದಿನವೇ ನೆರಳು ಕಾಣಲೆಂದು 15 ಅಡಿಯ ಮರಗಳನ್ನು ತರಿಸುವ ಮಾತೂ ಇದೆ. ಮಣ್ಣು ಹೆಚ್ಚಾಗಿ ಎರೆ. ಯಾವ ಮರ ನೆಡಬೇಕು, ಹೇಗೆ ನೆಡಬೇಕು?

ಉತ್ತರ: ಯಾವ ಮರ ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಈ ನಕ್ಷೆಯಲ್ಲಿ ಯಾವ ಜಾತಿ ನೆಟ್ಟರೂ ಗತಿ ಒಂದೇ. ಮೊದಲ ಮೂರು ವರ್ಷ ಚೆನ್ನಾಗಿ ಬರುತ್ತವೆ, ಆಮೇಲೆ ಬೆಳವಣಿಗೆ ನಿಲ್ಲುತ್ತದೆ, ಎಂಟು ಹತ್ತು ವರ್ಷದೊಳಗೆ ಕೆಲವು ಒಣಗುತ್ತವೆ, ಬದುಕಿದವು ಗ್ರಾನೈಟ್ ಎತ್ತುತ್ತವೆ. ಕಾರಣ ಗುಂಡಿಯ ಅಳತೆ.

ಒಂದು ಮೀಟರ್ ಗುಂಡಿಯೆಂದರೆ ಒಂದು ಘನ ಮೀಟರ್ ಮಣ್ಣು. ಮರದ ಹರವು ನೆಲದ ಮೇಲೆ ಎಷ್ಟು ಚದರ ಮೀಟರ್ ನೆರಳು ಚೆಲ್ಲುತ್ತದೋ, ಅದರ ಪ್ರತಿ ಚದರ ಮೀಟರಿಗೆ 0.3ರಿಂದ 0.6 ಘನ ಮೀಟರ್ ಸಡಿಲ ಮಣ್ಣು ಬೇಕೆಂಬುದು ನಗರಗಳಲ್ಲಿ ಮರ ನೆಡುವವರು ಹಿಡಿಯುವ ಅಂದಾಜು. ಎಂಟು ಮೀಟರ್ ಹರವಿನ ಮರ ಸುಮಾರು 50 ಚದರ ಮೀಟರ್ ನೆರಳು ಕೊಡುತ್ತದೆ. ಅಂದರೆ 15ರಿಂದ 30 ಘನ ಮೀಟರ್ ಮಣ್ಣು. ನಿಮ್ಮ 48 ಗುಂಡಿಗಳ ಒಟ್ಟು ಮಣ್ಣು 48 ಘನ ಮೀಟರ್. ಅದು ಪೂರ್ತಿ ಬೆಳೆದ ಎರಡು ಮೂರು ಮರಗಳ ಪಾಲು ಅಷ್ಟೇ.

ಗುಂಡಿಯ ಆಚೆಗೂ ಬೇರು ಹೋಗುತ್ತದಲ್ಲ ಎಂದು ಕೇಳಬಹುದು. ತೋಟದಲ್ಲಿ ಹೋಗುತ್ತದೆ, ಇಲ್ಲಿ ಹೋಗುವುದಿಲ್ಲ. ನೆಲಹಾಸು ಕುಸಿಯದಿರಲು ಅದರಡಿಯ ಮಣ್ಣನ್ನು ರೋಲರ್ ಹೊಡೆದು 95 ಪ್ರತಿಶತ ಪ್ರಾಕ್ಟರ್ ಸಾಂದ್ರತೆಗೆ (ಪರೀಕ್ಷೆಯಲ್ಲಿ ಆ ಮಣ್ಣು ತಲುಪುವ ಗರಿಷ್ಠ ಸಾಂದ್ರತೆಯ ನೂರಕ್ಕೆ 95ಕ್ಕೆ) ತರಬೇಕೆಂದು ಟೆಂಡರಿನಲ್ಲೇ ಬರೆದಿರುತ್ತಾರೆ. ಜೇಡಿ ಹೆಚ್ಚಿರುವ ಮಣ್ಣು ಘನ ಸೆಂಟಿಮೀಟರಿಗೆ 1.4–1.5 ಗ್ರಾಂ ದಾಟಿತೆಂದರೆ ಬೇರಿಗೆ ದಾರಿಯಿಲ್ಲ. ಮರಳು ಮಿಶ್ರಿತ ಮಣ್ಣಾದರೆ 1.7ರ ಹತ್ತಿರ ಬೇರು ನಿಲ್ಲುತ್ತದೆ. ಎಂಜಿನಿಯರ್‌ಗೆ ಬೇಕಾದ ನೆಲ ಬೇರಿಗೆ ಗೋಡೆ. ಆ ಗೋಡೆಗೆ ಮುಟ್ಟಿದ ಬೇರು ಮೇಲಕ್ಕೆ ತಿರುಗುತ್ತದೆ. ಹಾಸುಗಲ್ಲಿನ ಕೆಳಗೆ ಹರಡಿದ ಎರಡು ಇಂಚು ಮರಳಿನಲ್ಲಿ ಗಾಳಿಯೂ ತೇವವೂ ಇರುತ್ತವೆ. ಅಲ್ಲಿ ಬೇರು ಓಡುತ್ತದೆ, ದಪ್ಪವಾಗುತ್ತದೆ, ಕಲ್ಲು ಎತ್ತುತ್ತದೆ. ಆಗ ಮರದ ಮೇಲೆ ದೂರು ಬರುತ್ತದೆ, ಬೇರು ಕಡಿಯುತ್ತಾರೆ, ಮುಂದಿನ ಗಾಳಿಮಳೆಗೆ ಮರ ಉರುಳುತ್ತದೆ.

ಆದ್ದರಿಂದ ನಕ್ಷೆ ಹೀಗೆ ಬದಲಾಗಲಿ: 48ರ ಬದಲು 20 ಮರ. ನಾಲ್ಕು ಸಾಲು, ಸಾಲಿಗೆ ಐದು, ಮರದಿಂದ ಮರಕ್ಕೆ 8 ಮೀಟರ್. ಎರಡು ಸಾಲು ಎಡಕ್ಕೆ, ಎರಡು ಬಲಕ್ಕೆ; ಸಾಲುಗಳ ನಡುವೆಯೂ 8 ಮೀಟರ್, ಅಂಚಿನಿಂದ 4 ಮೀಟರ್ ಒಳಗೆ. ಆಗ ನಡುವೆ 16 ಮೀಟರ್ ಅಗಲದ ಬಯಲು ಉಳಿಯುತ್ತದೆ. ಸ್ತಂಭಕ್ಕೆ, ಪುಷ್ಪಗುಚ್ಛ ಇಡಲು, ಕವಾಯತಿಗೆ ಅಷ್ಟು ಸಾಕು. ಒಂಟಿ ಗುಂಡಿಗಳನ್ನು ಬಿಟ್ಟು ಸಾಲಿನುದ್ದಕ್ಕೂ ಒಂದೇ ಕಂದಕ ತೋಡಿಸಿ: 40 ಮೀಟರ್ ಉದ್ದ, 2.5 ಮೀಟರ್ ಅಗಲ, ಮಣ್ಣಿನ ಆಳ 90 ಸೆಂಟಿಮೀಟರ್. ಒಂದು ಕಂದಕಕ್ಕೆ 90 ಘನ ಮೀಟರ್, ಮರವೊಂದಕ್ಕೆ 18. ಕಂದಕದ ಇನ್ನೊಂದು ಲಾಭವೆಂದರೆ ಐದೂ ಮರಗಳು ಮಣ್ಣನ್ನು ಹಂಚಿಕೊಳ್ಳುತ್ತವೆ. ನಡುವೆ ಒಂದು ಸೋತರೆ ಅದರ ಪಾಲು ಪಕ್ಕದವುಗಳಿಗೆ ಸಿಗುತ್ತದೆ. ಆಳ ಹೆಚ್ಚಿಸಿ ಅಗಲ ಉಳಿಸುವ ಆಸೆ ಬೇಡ. ಬೇರುಗಳಲ್ಲಿ ಬಹುಪಾಲು ಮೇಲಿನ 60–90 ಸೆಂಟಿಮೀಟರಿನಲ್ಲೇ ಇರುತ್ತವೆ, ಕೆಳಗೆ ಗಾಳಿ ಸಾಲದು.

ಹೆಸರಿನ ಮಾತು. ಹೆಸರಿಗೊಂದು ಮರ ಎಂಬ ಆಶಯ ಒಳ್ಳೆಯದೇ, ಆದರೆ ಸಮಿತಿಯವರು ಇದನ್ನು ಕೈಬಿಡುವುದು ಮೇಲು. 48ರಲ್ಲಿ ನಾಲ್ಕೈದಾದರೂ ಮೊದಲ ವರ್ಷಗಳಲ್ಲಿ ಸಾಯುತ್ತವೆ. ಒಣಗಿದ್ದು ಯಾರ ಹೆಸರಿನದು ಎಂದು ಆ ಮನೆಯವರು ನೋಡುತ್ತಾರೆ. ದೊಡ್ಡ ಸ್ಮಾರಕಗಳು ಈ ಗಂಟು ಹಾಕಿಕೊಂಡಿಲ್ಲ. ನ್ಯೂಯಾರ್ಕಿನ ಸೆಪ್ಟೆಂಬರ್ 11 ಸ್ಮಾರಕದಲ್ಲಿ ಕೊಳಗಳ ಅಂಚಿನ ಕಂಚಿನ ಫಲಕಗಳಲ್ಲಿ 2,983 ಹೆಸರುಗಳಿವೆ. ಮರಗಳು 400ಕ್ಕೆ ತುಸು ಹೆಚ್ಚು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಹೊರಸುತ್ತಾದ ರಕ್ಷಕ ಚಕ್ರದಲ್ಲಿ 600ಕ್ಕೂ ಹೆಚ್ಚು ಮರಗಳು ಗಡಿ ಕಾಯುವ ಯೋಧರನ್ನು ಒಟ್ಟಾಗಿ ಸೂಚಿಸುತ್ತವೆ. ಹೆಸರುಗಳಿರುವುದು ಒಳಗಿನ ತ್ಯಾಗ ಚಕ್ರದ ಕಲ್ಲಿನ ಗೋಡೆಗಳ ಮೇಲೆ. ಹೆಸರು ಕಲ್ಲಿನಲ್ಲಿರಲಿ, ಮರ ಎಲ್ಲರದ್ದಾಗಿರಲಿ.

ನ್ಯೂಯಾರ್ಕಿನ ಪ್ರಾಂಗಣವನ್ನು ಇನ್ನೊಂದು ಕಾರಣಕ್ಕೆ ಗಮನಿಸಬೇಕು. ವಾಸ್ತುಶಿಲ್ಪಿ ಮೈಕಲ್ ಆರಾಡ್ ಮತ್ತು ಭೂದೃಶ್ಯ ವಿನ್ಯಾಸಕ ಪೀಟರ್ ವಾಕರ್ ಅವರ ವಿನ್ಯಾಸ 2004ರಲ್ಲಿ ಆಯ್ಕೆಯಾಯಿತು, ಸ್ಮಾರಕ ತೆರೆದದ್ದು 2011ರಲ್ಲಿ. ಆ ಮರಗಳು ನಿಂತಿರುವುದು ನಿಜವಾದ ನೆಲದ ಮೇಲಲ್ಲ, ಅಡಿಯಲ್ಲಿರುವ ಮ್ಯೂಸಿಯಂ ಮತ್ತು ರೈಲು ನಿಲ್ದಾಣದ ಚಾವಣಿಯ ಮೇಲೆ. ಉದ್ದುದ್ದ ತೊಟ್ಟಿಗಳಲ್ಲಿ ಸಡಿಲ ಮಣ್ಣು ತುಂಬಿ, ಹಾಸುಗಲ್ಲಿನ ಭಾರ ಆ ಮಣ್ಣಿನ ಮೇಲೆ ಬೀಳದಂತೆ ಕಾಂಕ್ರೀಟ್ ಮೇಜುಗಳ ಮೇಲೆ ಹೊರಿಸಿದ್ದಾರೆ. ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಮರಗಳಿಗೇ ಕೊಡುತ್ತಾರೆ. ಸ್ವಾಂಪ್ ವೈಟ್ ಓಕ್ ಮರಗಳನ್ನು 2010ರಲ್ಲಿ ನೆಡಲು ಶುರುಮಾಡುವ ಮೊದಲು ನ್ಯೂಜೆರ್ಸಿಯ ನರ್ಸರಿಯೊಂದರಲ್ಲಿ ವರ್ಷಗಟ್ಟಲೆ ಸಾಕಿದ್ದರು. ಒಂದು ದಿಕ್ಕಿನಿಂದ ನೋಡಿದರೆ ನೇರ ಸಾಲು, ಅಡ್ಡಲಾಗಿ ನೋಡಿದರೆ ಕಾಡಿನಂತೆ ಚದುರಿದ ನೋಟ ಎಂಬ ಜಾಣತನವೂ ಅಲ್ಲಿದೆ: ಸಾಲಿನ ಗೆರೆ ತಪ್ಪದೆ, ಗೆರೆಯೊಳಗಿನ ಅಂತರವನ್ನು ಮಾತ್ರ ಹೆಚ್ಚು ಕಡಿಮೆ ಮಾಡಿದ್ದಾರೆ. ಇದು ನಿಮಗೂ ಒದಗುತ್ತದೆ. ನೆಲದಡಿ ಪೈಪೋ ಕೇಬಲ್ಲೋ ಅಡ್ಡ ಬಂದರೆ ಮರವನ್ನು ಗೆರೆಯ ಮೇಲೇ ಒಂದೆರಡು ಮೀಟರ್ ಸರಿಸಬಹುದು, ವಿನ್ಯಾಸ ಕೆಡುವುದಿಲ್ಲ.

ಹಾಸನ್ನು ಹೊರಿಸುವ ಆ ಕ್ರಮ ನಮ್ಮ ಊರುಗಳಿಗೆ ಹೊಸದಲ್ಲ. ಚರಂಡಿಯ ಮೇಲೆ ಚಪ್ಪಡಿ ಹೊದಿಸುವ ಲೆಕ್ಕವೇ. ಕಂದಕದೊಳಗೆ ಸುಮಾರು 1.2 ಮೀಟರಿಗೊಂದರಂತೆ ಗಟ್ಟಿ ಅಡಿಪಾಯದ ಗಿಡ್ಡ ಕಾಂಕ್ರೀಟ್ ಕಂಬಗಳು, ಅವುಗಳ ಮೇಲೆ ಆರ್‌ಸಿಸಿ ಚಪ್ಪಡಿ, ಅದರ ಮೇಲೆ ಗ್ರಾನೈಟ್. ಮಣ್ಣಿನ ಮೇಲ್ಮೈಗೂ ಚಪ್ಪಡಿಯ ತಳಕ್ಕೂ ನಡುವೆ 75–100 ಮಿಲಿಮೀಟರ್ ಗಾಳಿಯ ಜಾಗ ಬಿಡಿ. ಬೇರು ಕಲ್ಲನ್ನು ಎತ್ತದಿರುವುದು ಈ ಜಾಗದಿಂದಲೇ. ಮಣ್ಣು ತುಂಬುವಾಗ ಚಪ್ಪಡಿಗೆ ಮುಟ್ಟುವಷ್ಟು ತುಂಬಿಬಿಡುವುದು ಸಾಮಾನ್ಯ ತಪ್ಪು, ನಿಂತು ನೋಡಬೇಕಾದ ಘಟ್ಟ ಅದು. ಕಂಬದ ಅಂತರ, ಚಪ್ಪಡಿಯ ದಪ್ಪ, ಕಂಬಿ ಇವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಲಿ, ಅಗ್ನಿಶಾಮಕ ವಾಹನದ ಭಾರ ಹಿಡಿದು. ಕಂದಕದ ಪಕ್ಕಕ್ಕೆ ಉದ್ದಕ್ಕೂ ಇಟ್ಟಿಗೆ ಗೋಡೆ ಕಟ್ಟಬೇಡಿ. ಗೋಡೆಯಿದ್ದರೆ ಅದು ದೊಡ್ಡ ಕುಂಡವಷ್ಟೇ.

ಇದಕ್ಕೆ ಹಣ ಸಾಲದಿದ್ದರೆ ಇನ್ನೊಂದು ದಾರಿ, ಜಲ್ಲಿ ಮಣ್ಣು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕ್ರಮ ಇದು. ತೂಕದಲ್ಲಿ ನಾಲ್ಕು ಪಾಲು ಜಲ್ಲಿ, ಒಂದು ಪಾಲು ಗೋಡುಮಣ್ಣು. ಜಲ್ಲಿ 20–40 ಮಿಲಿಮೀಟರ್, ಒಂದೇ ಅಳತೆಯ ಆಸುಪಾಸಿನದು. ರೋಲರ್ ಹೊಡೆದಾಗ ಕಲ್ಲು ಕಲ್ಲಿಗೆ ತಾಗಿ ಭಾರ ಹೊರುತ್ತದೆ, ಸಂದಿಯ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ಕ್ರಷರ್ ಪುಡಿ ಬೆರೆತ ಜಲ್ಲಿ ಬಂದರೆ ವಾಪಸು ಕಳಿಸಿ, ಸಂದಿಯೆಲ್ಲ ಪುಡಿಯಿಂದ ಮುಚ್ಚಿಹೋಗುತ್ತದೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲಿನ ಜಲ್ಲಿಯೂ ಬೇಡ. ಅದು ಸುಣ್ಣದ ಕಲ್ಲು, ಮಣ್ಣಿನ ಪಿಎಚ್, ಅಂದರೆ ಕ್ಷಾರದ ಮಟ್ಟ, ಏರಿಸುತ್ತದೆ, ಕಬ್ಬಿಣಾಂಶ ಬೇರಿಗೆ ಸಿಗದೆ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಗ್ರಾನೈಟ್ ಜಲ್ಲಿ ಸರಿ. ಈ ಕ್ರಮದಲ್ಲಿ ನಿಜವಾದ ಮಣ್ಣು ಐದನೇ ಒಂದು ಭಾಗ ಮಾತ್ರ ಎಂಬುದನ್ನು ಮರೆಯಬಾರದು. ಅಷ್ಟೇ ಕಂದಕದಲ್ಲಿ ಅಷ್ಟೇ ಮರ ಬರುವುದಿಲ್ಲ, ಅಗಲ ಹೆಚ್ಚಿಸಬೇಕು ಅಥವಾ ಚಿಕ್ಕ ಜಾತಿಗೆ ಇಳಿಯಬೇಕು.

ಎರೆಮಣ್ಣನ್ನು ಕಂದಕಕ್ಕೆ ಮತ್ತೆ ತುಂಬಬೇಡಿ. ಹೊಲದಲ್ಲಿ ಅದು ಬಂಗಾರ, ಹಾಸುಗಲ್ಲಿನಡಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಕಂಬಗಳನ್ನೇ ಅಲುಗಿಸುತ್ತದೆ. ಹೊರಗಿನಿಂದ ಕೆಂಪು ಗೋಡುಮಣ್ಣು ತರಿಸಿ. ಪರಿಮಾಣದಲ್ಲಿ ಮಣ್ಣು 60–65 ಪಾಲು, ದಪ್ಪ ಮರಳು 25–30, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10. ಅರ್ಧಕ್ಕರ್ಧ ಗೊಬ್ಬರ ಸುರಿದರೆ ಮರಕ್ಕೆ ಒಳ್ಳೆಯದೆಂಬ ನಂಬಿಕೆಯಿದೆ. ಗೊಬ್ಬರ ಕರಗುತ್ತ ಹೋದಂತೆ ನೆಲ ಕುಸಿಯುತ್ತದೆ, ಮರವೂ ಜೊತೆಗೆ ಇಳಿಯುತ್ತದೆ. ಗೊಬ್ಬರವನ್ನು ಮೇಲಿನ 30 ಸೆಂಟಿಮೀಟರಿಗಷ್ಟೇ ಬೆರೆಸಿ, ಆಳದಲ್ಲಿ ಗಾಳಿಯಿಲ್ಲದೆ ಅದು ಕೊಳೆತು ನಾರುತ್ತದೆ. ಮಣ್ಣನ್ನು 20–25 ಸೆಂಟಿಮೀಟರ್ ಪದರಗಳಲ್ಲಿ ಹಾಕಿ, ಕಾಲಿನಿಂದ ತುಳಿದು, ನೀರು ಬಿಟ್ಟು ಕೂರಿಸಿ. ರೋಲರ್ ಹತ್ತಿರ ಬರಬಾರದು. ಸಾಧ್ಯವಾದರೆ ಒಂದು ಮಳೆಗಾಲ ಹಾಗೇ ಬಿಡಿ.

ನೀರು ಬಸಿಯುವುದನ್ನು ಮೊದಲೇ ಪರೀಕ್ಷಿಸಿ. ಕಂದಕದ ತಳದಲ್ಲಿ 30 ಸೆಂಟಿಮೀಟರ್ ಆಳದ ಕುಳಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೇ ಸಲ ಗಂಟೆಗೆ 2.5 ಸೆಂಟಿಮೀಟರಾದರೂ ಇಳಿಯಬೇಕು. ಎರೆನೆಲದಲ್ಲಿ ಇಳಿಯುವ ಸಾಧ್ಯತೆ ಕಡಿಮೆ. ಆಗ ತಳಕ್ಕೆ 100 ಮಿಲಿಮೀಟರಿನ ತೂತು ಪೈಪ್ ಹಾಕಿ, ನೂರಕ್ಕೆ ಒಂದರ ಇಳಿಜಾರಿನಲ್ಲಿ ಮಳೆನೀರಿನ ಚರಂಡಿಗೆ ಸೇರಿಸಿ. ಪೈಪ್ ಇಲ್ಲದೆ ತಳಕ್ಕೆ ಬರೀ ಜಲ್ಲಿ ಹಾಸಿ ಬಸಿಯುತ್ತದೆ ಎಂದುಕೊಳ್ಳುವವರಿದ್ದಾರೆ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿಯ ಜಲ್ಲಿಗೆ ನೀರು ಸುಲಭವಾಗಿ ಇಳಿಯದು. ಜಲ್ಲಿಯ ಮೇಲೆಯೇ ನೇತು ನಿಂತು ಬೇರನ್ನು ಕೊಳೆಸುತ್ತದೆ.

ಸಂಪಿನ ಮೂಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒದ್ದೆ ಮಣ್ಣು ಘನ ಮೀಟರಿಗೆ 1.8ರಿಂದ 2 ಟನ್ ತೂಗುತ್ತದೆ. 90 ಸೆಂಟಿಮೀಟರ್ ಮಣ್ಣು, ಹಾಸು, ಮರ ಸೇರಿದರೆ ಚದರ ಮೀಟರಿಗೆ ಎರಡು ಟನ್ ದಾಟುತ್ತದೆ. ಸಂಪಿನ ಚಾವಣಿಯನ್ನು ಅದಕ್ಕೆಂದೇ ಕಟ್ಟಿರದಿದ್ದರೆ ಅಲ್ಲಿ ಮರ ಬೇಡ. ಸಂಪನ್ನೇ ಸಾಲುಗಳಿಂದ ಆಚೆ, ಬಯಲಿನ ಕೆಳಗೆ ಸರಿಸಿದರೆ ಎಲ್ಲಕ್ಕಿಂತ ಅಗ್ಗ.

ಹಳೆಯ ಹೊಂಗೆಗಳನ್ನು ಉಳಿಸಿ. ಕಡಿಯಬೇಕೆಂದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಡಿ ವೃಕ್ಷಾಧಿಕಾರಿಯ ಅನುಮತಿ ಬೇಕು, ಅದು ಬೇರೆ ಮಾತು. ಸ್ಮಾರಕದಲ್ಲಿ ಹಳೆಯ ಮರಕ್ಕಿರುವ ಬೆಲೆ ಹೊಸ 20ಕ್ಕೂ ಬರುವುದಿಲ್ಲ. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ 1995ರಲ್ಲಿ 168 ಜನರನ್ನು ಬಲಿ ತೆಗೆದುಕೊಂಡ ಸ್ಫೋಟದ ಜಾಗದೆದುರು, ಡಾಂಬರು ಹಾಕಿದ ಪಾರ್ಕಿಂಗ್ ಜಾಗದಲ್ಲಿ ಒಂದು ಎಲ್ಮ್ ಮರ ಬದುಕುಳಿಯಿತು. ಸ್ಮಾರಕ ಕಟ್ಟುವಾಗ ವಿನ್ಯಾಸವನ್ನೇ ಆ ಮರಕ್ಕೆ ಹೊಂದಿಸಿ, ಆಳದ ಬೇರುಗಳವರೆಗೆ ಪೈಪುಗಳನ್ನು ಇಳಿಸಿದರು. ನಿಮ್ಮ ಹೊಂಗೆಗಳಿಗೆ ಬೇಕಾದದ್ದು ಇಷ್ಟು: ಎದೆಮಟ್ಟದಲ್ಲಿ ಕಾಂಡದ ವ್ಯಾಸ ಅಳೆದು ಹನ್ನೆರಡರಿಂದ ಗುಣಿಸಿ. 60 ಸೆಂಟಿಮೀಟರ್ ಇದ್ದರೆ 7.2 ಮೀಟರ್. ಕೆಲಸ ಶುರುವಾಗುವ ಮೊದಲೇ ಆ ತ್ರಿಜ್ಯದಲ್ಲಿ ತಗಡಿನ ಬೇಲಿ ಹಾಕಿ. ಒಳಗೆ ಅಗೆತವಿಲ್ಲ, ಸಿಮೆಂಟ್ ಕಲಸುವಂತಿಲ್ಲ, ಕಲ್ಲು ರಾಶಿ ಹಾಕುವಂತಿಲ್ಲ, ನೆಲ ಏರಿಸುವಂತಿಲ್ಲ. ಬುಡಕ್ಕೆ ಒಂದಡಿ ಮಣ್ಣೇರಿಸಿದರೂ ಬೇರಿಗೆ ಉಸಿರು ಕಟ್ಟುತ್ತದೆ, ಮರ ಸಾಯಲು ಮೂರು ನಾಲ್ಕು ವರ್ಷ ಹಿಡಿಯುವುದರಿಂದ ಯಾರಿಗೂ ಕಾರಣ ಗೊತ್ತಾಗುವುದಿಲ್ಲ. ಆ ಭಾಗದಲ್ಲಿ ಗ್ರಾನೈಟ್ ಬಿಟ್ಟು ಮಣ್ಣು ನೆಲವನ್ನೇ ಇಟ್ಟು, ಆಚೆ ಅಂಚಿನಲ್ಲಿ ಬೆಂಚುಗಳನ್ನಿಡಿ. ಹೊಸ ಸಾಲಿನಲ್ಲಿ ಆ ಜಾಗಕ್ಕೆ ಬರಬೇಕಿದ್ದ ಮರ ಕಡಿಮೆಯಾದರೆ ಆಗಲಿ.

ಈಗ ಜಾತಿ. ಎರೆನಾಡಿನ ಬಿಸಿಲಿಗೆ ಮುಖ್ಯ ಸಾಲಿಗೆ ಹೊಂಗೆಗಿಂತ ಒಳ್ಳೆಯ ಆಯ್ಕೆ ಕಡಿಮೆ. ಬೇಸಿಗೆಯ ಮೊದಲಿಗೆ ಕೆಲವೇ ದಿನ ಎಲೆ ಉದುರಿ, ಬಿಸಿಲು ಏರುವ ಹೊತ್ತಿಗೆ ಹೊಸ ಚಿಗುರಿನಿಂದ ತುಂಬಿರುತ್ತದೆ. ಎಲೆಯ ಮೇಲೆ ಗಂಟು ಗಂಟಾಗಿ ಏಳುವುದು ನೋಡಲು ಚೆನ್ನಾಗಿರದು, ಮರಕ್ಕೆ ಅಪಾಯವಿಲ್ಲ. ಬೇವು ಇನ್ನೂ ಗಟ್ಟಿ. ಹೆಸರಿನ ಗೋಡೆಯ ಪಕ್ಕದ ಸಾಲಿಗೆ ರಂಜ, ಅಂದರೆ ಬಕುಳ, ಇರಲಿ: ವರ್ಷವಿಡೀ ಹಸಿರು, ಒಣಗಿದ ಹೂವಿಗೂ ಕಂಪು. ನಿಧಾನವಾಗಿ ಬೆಳೆಯುತ್ತದೆ, ಅಷ್ಟು ತಾಳ್ಮೆ ಬೇಕು. ಹೊಳೆದಾಸವಾಳದ ನೇರಳೆ ಹೂವು ಚೆಂದ, ಹೆಸರೇ ಹೇಳುವಂತೆ ಅದಕ್ಕೆ ನೀರು ಬೇಕು. ಬೇಸಿಗೆಯಲ್ಲಿ ಕೊಡುವ ಖಾತ್ರಿಯಿದ್ದರೆ ಮಾತ್ರ. ಎಲ್ಲವೂ ಒಂದೇ ಜಾತಿಯಾದರೆ ಒಂದು ರೋಗಕ್ಕೆ ಎಲ್ಲವೂ ಬಲಿ, ಐದು ಬಗೆ ಬೆರೆಸಿದರೆ ಪ್ರಾಂಗಣ ನರ್ಸರಿಯಂತೆ ಕಾಣುತ್ತದೆ. ಇಪ್ಪತ್ತು ಮರಗಳಿಗೆ ಎರಡು ಜಾತಿ ಸಾಕು, ಹೊರಸಾಲು ಒಂದು, ಒಳಸಾಲು ಇನ್ನೊಂದು.

ಬೇಡವಾದವು ಹೆಚ್ಚಿವೆ. ನಾಗಲಿಂಗಕ್ಕೆ ಭಕ್ತಿಯಿಂದ ಒತ್ತಾಯ ಬರುತ್ತದೆ, ಆದರೆ ಅದರ ಕಾಯಿ ಫಿರಂಗಿ ಗುಂಡು. ಜನ ಓಡಾಡುವ ಕಡೆ ಸಲ್ಲದು. ಮಹಾಗನಿಯ ಕಾಯಿಯೂ ಮರದಷ್ಟೇ ಗಟ್ಟಿ. ಗುಲ್‌ಮೊಹರ್, ಆಕಾಶಮಲ್ಲಿಗೆ ಮುಂಗಾರಿನ ಮೊದಲ ಗಾಳಿಗೆ ಮುರಿಯುವ ಜಾತಿಗಳು. ಏಳೆಲೆಯ ಹಾಲೆ ಮರದ ಹೂವಿನ ವಾಸನೆ ಕೆಲವರಿಗೆ ತಲೆನೋವು. ಕಂಬದಂತೆ ನೆಟ್ಟಗಿರುವ ಅಶೋಕ ನೆರಳು ಕೊಡುವುದಿಲ್ಲ. ಆಲ, ಅರಳಿಗೆ ಹತ್ತಾರು ಮೀಟರ್ ತೆರೆದ ನೆಲವೂ ಒಂದು ಕಟ್ಟೆಯೂ ಬೇಕು, ಹಾಸುಗಲ್ಲಿನ ನಡುವೆ ಅವು ಬೇಡವೇ ಬೇಡ. ಭಾವನೆ ಜಾತಿಯ ದೋಷವನ್ನು ತೊಡೆಯುವುದಿಲ್ಲ: ನ್ಯೂಯಾರ್ಕಿನಲ್ಲಿ ಅವಶೇಷದಡಿ ಸುಟ್ಟು ಮುರಿದ ಸ್ಥಿತಿಯಲ್ಲಿ ಸಿಕ್ಕು, ಚೇತರಿಸಿಕೊಂಡು 2010ರಲ್ಲಿ ಮರಳಿ ಬಂದ ಕ್ಯಾಲರಿ ಪೇರ್ ಮರವನ್ನು ಜನ ಮುಟ್ಟಿ ನಮಿಸುತ್ತಾರೆ. ಅದೇ ಜಾತಿಯ ಮಾರಾಟವನ್ನು ಒಹಾಯೊ, ಪೆನ್ಸಿಲ್ವೇನಿಯದಂಥ ರಾಜ್ಯಗಳು ನಿಷೇಧಿಸಿವೆ, ಅದು ಕಳೆಯಂತೆ ಹಬ್ಬುತ್ತದೆಂದು.

15 ಅಡಿಯ ಮರದ ಆಸೆ ಬಿಡಿ. ಮರ ಅಗೆದು ತರುವಾಗ ಬೇರಿನ ಮಣ್ಣುಮುದ್ದೆಯ ವ್ಯಾಸ ಕಾಂಡದ ವ್ಯಾಸದ ಹತ್ತು ಹನ್ನೆರಡು ಪಟ್ಟು ಇರಬೇಕು. ನಾಲ್ಕಿಂಚು ಕಾಂಡಕ್ಕೆ ಒಂದು ಮೀಟರಿಗೂ ಮಿಕ್ಕಿದ ಮುದ್ದೆ, ಟನ್ನಿನ ಲೆಕ್ಕದ ತೂಕ, ಕ್ರೇನ್ ಬೇಕು. ನಮ್ಮಲ್ಲಿ ಬರುವುದು ಎರಡಡಿ ಚೀಲದಲ್ಲಿ ತುರುಕಿದ ಎತ್ತರದ ಮರ. ವರ್ಷಗಟ್ಟಲೆ ಅದೇ ಚೀಲದಲ್ಲಿದ್ದು ಬೇರು ಸುರುಳಿ ಸುತ್ತಿರುತ್ತದೆ. ಆ ಸುರುಳಿ ದಪ್ಪವಾಗುತ್ತ ಹೋಗಿ ಹತ್ತು ವರ್ಷಕ್ಕೆ ಕಾಂಡವನ್ನೇ ಬಿಗಿಯುತ್ತದೆ. 8–10 ಅಡಿ ಎತ್ತರದ, ಒಂದೂವರೆ ಎರಡಿಂಚು ಕಾಂಡದ, ಒಂದೇ ನೇರ ನಡುಗೊಂಬೆಯಿರುವ ಗಿಡಗಳನ್ನು ಈಗಲೇ ನರ್ಸರಿಗೆ ಹೇಳಿ ಬೆಳೆಸಿ. 20 ಬೇಕಿದ್ದರೆ 26 ಹೇಳಿ. ನಾಲ್ಕೈದು ವರ್ಷದಲ್ಲಿ ಇವು ಆ 15 ಅಡಿಯವನ್ನು ಹಿಂದೆ ಹಾಕುತ್ತವೆ.

ಕೆಲಸದ ಸರದಿ ತಪ್ಪಬಾರದು. ಸ್ತಂಭ ನಿಲ್ಲಿಸುವ ಕ್ರೇನು, ಕಲ್ಲಿನ ಲಾರಿಗಳು ಮೊದಲು ಬಂದು ಹೋಗಲಿ. ಆಮೇಲೆ ಕಂದಕ, ಕಂಬ, ಮಣ್ಣು, ಚಪ್ಪಡಿ. ಗಿಡ ಕೊನೆಗೆ, ಜೂನಿನ ಮಳೆ ಹಿಡಿದ ಮೇಲೆ. ಉದ್ಘಾಟನೆ ಬೇಸಿಗೆಯಲ್ಲಾದರೆ ಸ್ತಂಭದ ಉದ್ಘಾಟನೆಯಾಗಲಿ, ಗಿಡ ಮಳೆಗೆ ಕಾಯಲಿ.

ಪ್ರತಿ ಮರಕ್ಕೆ ಹಾಸಿನಲ್ಲಿ ಎರಡು ಮೀಟರ್ ಚೌಕದ ಬಾಯಿ, ತೀರ ಕಡಿಮೆಯೆಂದರೆ ಒಂದೂವರೆ. ಮಣ್ಣುಮುದ್ದೆ ಕೂರುವ ಜಾಗದ ಅಡಿಯಲ್ಲಿ ಮಾತ್ರ ಮಣ್ಣನ್ನು ಗಟ್ಟಿ ತುಳಿಯಿರಿ, ಇಲ್ಲವಾದರೆ ಗಿಡ ತಗ್ಗಿಗಿಳಿದು ಬುಡದಲ್ಲಿ ನೀರು ನಿಲ್ಲುತ್ತದೆ. ಚೀಲ ಪೂರ್ತಿ ತೆಗೆದು, ಮುದ್ದೆಯ ಹೊರ ಅಂಚನ್ನು ಒಂದಿಂಚು ಸವರಿ, ಸುತ್ತಿದ ಬೇರು ಕತ್ತರಿಸಿ. ಕಾಂಡ ಅಗಲವಾಗಿ ಬೇರಾಗಿ ಒಡೆಯುವ ಜಾಗ ಮಣ್ಣಿನ ಮಟ್ಟಕ್ಕಿಂತ ಒಂದಿಂಚು ಮೇಲೆ ಕಾಣುತ್ತಿರಬೇಕು. ಮುದ್ದೆಯ ಆಚೆ ಎರಡು ಗೂಟ, ಗಿಡದ ಮೂರನೇ ಒಂದು ಎತ್ತರದಲ್ಲಿ ಅಗಲ ಪಟ್ಟಿಯಿಂದ ಸಡಿಲ ಕಟ್ಟು. ವರ್ಷಕ್ಕೆ ಬಿಚ್ಚಿಬಿಡಿ, ಬಿಚ್ಚಲು ಮರೆತ ಕಟ್ಟು ಕಾಂಡವನ್ನು ಕೊಯ್ಯುತ್ತದೆ. ಬಾಯಿಗೆ ಮೂರಿಂಚು ತರಗೆಲೆ ಹೊದಿಕೆ, ಕಾಂಡಕ್ಕೆ ತಾಗದಂತೆ. ಕಬ್ಬಿಣದ ಜಾಲರಿ ಬೇಡ, ಅದು ಕಳುವಾಗುತ್ತದೆ, ಉಳಿದರೆ ಕಾಂಡ ಕಚ್ಚುತ್ತದೆ.

ಮೊದಲ ತಿಂಗಳು ಮಳೆಯಿಲ್ಲದಾಗ ಎರಡು ದಿನಕ್ಕೊಮ್ಮೆ 40 ಲೀಟರ್, ಮಣ್ಣುಮುದ್ದೆಯ ಮೇಲೆಯೇ. ಸುತ್ತಲ ಮಣ್ಣು ಒದ್ದೆಯಿದ್ದರೂ ಮುದ್ದೆ ಬೇಗ ಒಣಗುತ್ತದೆ. ಆಮೇಲೆ ಎರಡು ಬೇಸಿಗೆ ವಾರಕ್ಕೆರಡು ಸಲ 60–80 ಲೀಟರ್. ಡ್ರಿಪ್ ಹಾಕಿದರೆ ಗಂಟೆಗೆ 4 ಲೀಟರಿನ ನಾಲ್ಕು ತೊಟ್ಟಿಕೆ, ನಾಲ್ಕು ಗಂಟೆಗೆ 64 ಲೀಟರ್. ಎರಡನೇ ವರ್ಷ ಅವನ್ನು ಕಾಂಡದಿಂದ ಒಂದು ಮೀಟರ್ ಆಚೆ ಸರಿಸಿ. ಕೆಳಗಿನ ಕೊಂಬೆಗಳನ್ನು ಒಮ್ಮೆಲೇ ಬೋಳಿಸದೆ ವರ್ಷಕ್ಕೆರಡು ಮೂರರಂತೆ ತೆಗೆದು, ಜನ ಓಡಾಡಲು ಎರಡೂವರೆ ಮೀಟರ್ ತೆರವು ತನ್ನಿ.

ಗುತ್ತಿಗೆಯಲ್ಲಿ ನಿರ್ವಹಣೆ ಮೂರು ವರ್ಷ ಇರಲಿ. ಸತ್ತ ಗಿಡಕ್ಕೆ ಅದೇ ಅಳತೆಯ ಬದಲಿ ಗಿಡ, ಮರಗಳ ಬಾಬ್ತಿನ ಒಂದು ಪಾಲು ಹಣ ಮೂರನೇ ವರ್ಷದ ಕೊನೆಗೆ ಪಾವತಿ ಎಂದು ಬರೆಸಿ. ಕಂದಕಕ್ಕೆ ಮಣ್ಣು ತುಂಬಿದ ದಿನ ಆಳ ಅಳೆದು ಫೋಟೊ ತೆಗೆದ ಮೇಲೆಯೇ ಚಪ್ಪಡಿ ಮುಚ್ಚಬೇಕೆಂಬ ಷರತ್ತೂ ಸೇರಲಿ, ಮುಚ್ಚಿದ ಮೇಲೆ ಯಾರೂ ತೆರೆದು ನೋಡುವುದಿಲ್ಲ. ಇನ್ನೊಂದು ಷರತ್ತು ನಿರ್ವಹಿಸುವ ಇಲಾಖೆಗೆ: ಆಗಸ್ಟ್ 15, ಜನವರಿ 26ಕ್ಕೆ ಕಾಂಡಕ್ಕೆ ಸುತ್ತುವ ಸೀರಿಯಲ್ ಲೈಟು, ಮೊಳೆ ಹೊಡೆದು ಹಾಕುವ ಬೋರ್ಡು ನಿಷಿದ್ಧ. ಸುಣ್ಣ ಕೆಮ್ಮಣ್ಣಿನ ಪಟ್ಟಿ ಬಳಿದುಕೊಳ್ಳಲಿ, ಅದರಿಂದ ಮರಕ್ಕೆ ತೊಂದರೆಯಿಲ್ಲ.